ಚಿತ್ರಹಿಂಸೆಗೆ ಬಗ್ಗದವನು ರಾಜರ ಬಾಗಿಲಿಗೆ ಯಾಕೆ ಹೋದ?

ಪ್ರಶ್ನೆ: ಆದರ್ಶ ರಾಜ್ಯಗಳ ಪಾಠದಲ್ಲಿ ತೊಮ್ಮಾಸೊ ಕಂಪನೆಲ್ಲಾನ ‘ಸೂರ್ಯನಗರ’ದ ಬಗ್ಗೆ ಓದಿದೆ. ಖಾಸಗಿ ಆಸ್ತಿ ಇಲ್ಲ, ದಿನಕ್ಕೆ ನಾಲ್ಕೇ ಗಂಟೆ ಕೆಲಸ. ಖುಷಿಯಾಯ್ತು. ಆಮೇಲೆ ಹುಡುಕಿದರೆ, ಸ್ಪೇನ್ ದೊರೆ ಇಡೀ ಜಗತ್ತನ್ನು ಆಳಬೇಕು ಅಂತ ಬರೆದವನೂ ಇವನೇ. ಪೋಪ್ ಜೊತೆ ಕೂತು ಗ್ರಹಣದ ಶಾಂತಿ ಮಾಡಿದವನೂ ಇವನೇ, ಗೆಲಿಲಿಯೊ ಪರ ಬರೆದವನೂ ಇವನೇ. ಹುಚ್ಚನ ಹಾಗೆ ನಟಿಸಿ ಜೀವ ಉಳಿಸಿಕೊಂಡನಂತೆ ಬೇರೆ. ಇವನು ದಾರ್ಶನಿಕನಾ, ಅಥವಾ ಗಾಳಿ ಬಂದಾಗ ತೂರಿಕೊಂಡ ಅವಕಾಶವಾದಿಯಾ?

ಉತ್ತರ:

ಹುಚ್ಚನ ಹಾಗೆ ನಟಿಸಿದ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿರಿ. ಅಲ್ಲಿಂದಲೇ ಶುರು ಮಾಡೋಣ. ಅದೇನು ಸುಲಭದ ನಾಟಕ ಆಗಿರಲಿಲ್ಲ.

1601ರ ಜೂನ್ 4, ಇಟಲಿಯ ನೇಪಲ್ಸ್. ಡೊಮಿನಿಕನ್ ಅನ್ನುವ ಕ್ರೈಸ್ತ ಪಂಥದ ಮೂವತ್ತೆರಡು ವರ್ಷದ ಒಬ್ಬ ಸನ್ಯಾಸಿಯನ್ನು ‘ವೆಲ್ಯ’ ಅನ್ನುವ ಚಿತ್ರಹಿಂಸೆಗೆ ಹಾಕಿದರು. ಆ ಮಾತಿಗೆ ಜಾಗರಣೆ ಅಂತ ಅರ್ಥ. ಕೈಗಳನ್ನು ಹಿಂದಕ್ಕೆ ಕಟ್ಟಿ, ಮೇಲಿಂದ ಹಗ್ಗದಲ್ಲಿ ಎತ್ತಿ ಹಿಡಿಯುತ್ತಾರೆ. ಕೆಳಗೆ ಚೂಪು ಅಂಚಿನ ಮರದ ಪೀಠ. ತೋಳಿಗೆ ಆರಾಮ ಕೊಡಬೇಕು ಅಂದರೆ ಆ ಅಂಚಿನ ಮೇಲೆ ಕೂರಬೇಕು. ಕೂತರೆ ಮಾಂಸ ಕೊಯ್ಯುತ್ತದೆ. ಎದ್ದರೆ ಭುಜ ಕಿತ್ತು ಬರುತ್ತದೆ. ನಿದ್ದೆ ಮಾಡಲು ಬಿಡುವುದಿಲ್ಲ. ಪಕ್ಕದಲ್ಲಿ ಒಬ್ಬ ಬರಹಗಾರ ಕೂತು, ಕೈದಿಯ ಬಾಯಿಂದ ಬಿದ್ದ ಪ್ರತಿ ಮಾತನ್ನೂ ಬರೆದುಕೊಳ್ಳುತ್ತಿದ್ದ. ಇದು ಮಾರನೇ ದಿನದವರೆಗೆ ನಡೆಯಿತು. ಕಂಪನೆಲ್ಲಾ ಆಮೇಲೆ ಅದನ್ನು 40 ಗಂಟೆ ಅಂತ ಲೆಕ್ಕ ಹಾಕಿದ. ಅಷ್ಟು ಹೊತ್ತೂ ಅವನು ಹುಚ್ಚನಾಗಿಯೇ ಇದ್ದ. ಸಂಬಂಧವಿಲ್ಲದ್ದು ಮಾತಾಡಿದ, ಕೂಗಿದ, ಸುಮ್ಮನಾದ. ಕೊನೆಗೆ ಬಿಚ್ಚಿ ಹೊತ್ತುಕೊಂಡು ಹೋಗುವಾಗ ಕಾವಲುಗಾರನಿಗೆ ಮಾತ್ರ, ‘ನಾನು ಬಾಯಿ ಬಿಡ್ತೀನಿ ಅಂದ್ಕೊಂಡಿದ್ರಾ? ನಾನೇನು ಅಷ್ಟು ಪೆದ್ದನಾ?’ ಅನ್ನುವ ಅರ್ಥದ ಒಂದು ಮಾತು ಅಂದ. ಅವನು ಬಳಸಿದ ಪದ ಇದಕ್ಕಿಂತ ಒರಟು. ಅದೂ ದಾಖಲೆಗೆ ಹೋಗಿದೆ.

ಇಷ್ಟು ಕಷ್ಟಪಟ್ಟು ಯಾಕೆ ಹುಚ್ಚನಾಗಬೇಕಿತ್ತು? ಕಾರಣ ಅಂದಿನ ಕಾನೂನಲ್ಲಿದೆ. ಅವನು 1595ರಲ್ಲಿ ಒಮ್ಮೆ ರೋಮ್‌ನ ಧರ್ಮವಿಚಾರಣೆ ನ್ಯಾಯಾಲಯದ ಮುಂದೆ ಮಂಡಿಯೂರಿ ‘ನನ್ನ ತಪ್ಪು ಅಭಿಪ್ರಾಯಗಳನ್ನು ಬಿಟ್ಟೆ’ ಅಂತ ಹೇಳಿಯಾಗಿತ್ತು. ಹಾಗೆ ಹೇಳಿದವನು ಎರಡನೇ ಸಲ ಸಿಕ್ಕಿಬಿದ್ದರೆ ಪಶ್ಚಾತ್ತಾಪಕ್ಕೂ ಜೀವ ಉಳಿಯುತ್ತಿರಲಿಲ್ಲ. ಇವನು ಮತ್ತೆ ಸಿಕ್ಕಿಬಿದ್ದಿದ್ದ, ಯಾಕೆ ಅನ್ನುವುದು ಮುಂದೆ ಬರುತ್ತದೆ. ಆದರೆ ಹುಚ್ಚನನ್ನು ಕೊಲ್ಲುವ ಹಾಗಿರಲಿಲ್ಲ. ಹುಚ್ಚ ಪಶ್ಚಾತ್ತಾಪ ಪಡಲಾರ. ಪಶ್ಚಾತ್ತಾಪ ಇಲ್ಲದೆ ಸತ್ತರೆ ಆತ್ಮ ನರಕಕ್ಕೆ. ಅಲ್ಲಿಗೆ ಕಳಿಸಿದ ಪಾಪ ನ್ಯಾಯಾಧೀಶನ ತಲೆಗೆ. ಹಾಗಾಗಿ ‘ಇವನು ನಿಜವಾಗಿ ಹುಚ್ಚನಾ’ ಅಂತ ನೋಡಲೇಬೇಕು, ನೋಡುವ ದಾರಿ ಚಿತ್ರಹಿಂಸೆ. ಅದನ್ನು ತಡೆದುಕೊಂಡರೆ ಕಾನೂನಿನ ಪ್ರಕಾರ ಹುಚ್ಚ. ಕಂಪನೆಲ್ಲಾಗೆ ಇದ್ದದ್ದು ಅದೊಂದೇ ಬಾಗಿಲು. 1600ರ ಏಪ್ರಿಲ್ 2, ಈಸ್ಟರ್ ದಿನ, ತನ್ನ ಕೋಣೆಯ ಹಾಸಿಗೆಗೆ ಬೆಂಕಿ ಹಚ್ಚಿ ಆ ಬಾಗಿಲು ತಟ್ಟಿದ. ಅದಕ್ಕೆ ಆರು ವಾರ ಮುಂಚೆ, ಫೆಬ್ರವರಿ 17ರಂದು, ರೋಮ್‌ನಲ್ಲಿ ಜೋರ್ಡಾನೊ ಬ್ರೂನೊ ಅನ್ನುವ ದಾರ್ಶನಿಕನನ್ನು ಧರ್ಮದ್ರೋಹಿ ಅಂತ ಜೀವಂತ ಸುಟ್ಟಿದ್ದರು. ಬ್ರೂನೊ ಕೂಡ ಅದೇ ಪಂಥದಲ್ಲಿ ದೀಕ್ಷೆ ಪಡೆದವನು, ಅದೇ ನೇಪಲ್ಸ್ ಸೀಮೆಯವನು. 1594-95ರಲ್ಲಿ ಇಬ್ಬರೂ ರೋಮ್‌ನ ಒಂದೇ ಸೆರೆಮನೆಯಲ್ಲಿದ್ದರು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕಂಪನೆಲ್ಲಾ ಹುಟ್ಟಿದ್ದು 1568ರ ಸೆಪ್ಟೆಂಬರ್ 5ರಂದು, ಇಟಲಿಯ ಕಾಲ್ಬೆರಳಿನಂತಿರುವ ಕಲಾಬ್ರಿಯಾ ಸೀಮೆಯ ಸ್ತಿಲೊ ಊರಿನ ಕಡೆ. ಅಪ್ಪ ಚಪ್ಪಲಿ ಹೊಲಿಯುವವ, ಓದು ಬರಹ ಇಲ್ಲ. ಬಡವರ ಮನೆಯ ಚುರುಕು ಹುಡುಗನಿಗೆ ಓದಬೇಕು ಅಂದರೆ ಆಗ ಮಠವೇ ಗತಿ. ಹದಿನಾಲ್ಕರ ಸುಮಾರಿಗೆ ಡೊಮಿನಿಕನ್ ಮಠ ಸೇರಿದ. ಅಲ್ಲಿ ಕಲಿಸುತ್ತಿದ್ದದ್ದು ಅರಿಸ್ಟಾಟಲ್. ಹುಡುಗ ಪ್ರಶ್ನೆ ಕೇಳಿದ, ಗುರುಗಳು ಪುಸ್ತಕ ತೋರಿಸಿದರು. ಇವನಿಗೆ ಬೇಕಿದ್ದದ್ದು ಪುಸ್ತಕ ಅಲ್ಲ, ವಸ್ತು.

ಕೊಸೆಂಜ ಊರಲ್ಲಿ ಅವನ ಕೈಗೆ ಬೆರ್ನಾರ್ದಿನೊ ತೆಲೇಸಿಯೊ ಅನ್ನುವವನ ಪುಸ್ತಕ ಸಿಕ್ಕಿತು. ಪ್ರಕೃತಿಯನ್ನು ಅದರದೇ ನಿಯಮದಿಂದ ತಿಳಿಯಿರಿ, ಇಂದ್ರಿಯಗಳನ್ನು ನಂಬಿ, ಬಿಸಿ ಮತ್ತು ತಣಪು ಇವೆರಡೇ ಜಗತ್ತನ್ನು ನಡೆಸುವ ಶಕ್ತಿ ಅನ್ನುವುದು ಆ ಮುದುಕನ ವಾದ. ತೆಲೇಸಿಯೊ ಅದೇ ಊರಲ್ಲಿ ಬದುಕಿದ್ದ. ಆದರೆ ಮಠದವರು ಹುಡುಗನನ್ನು ಭೇಟಿಗೆ ಬಿಡಲಿಲ್ಲ. 1588ರಲ್ಲಿ ತೆಲೇಸಿಯೊ ತೀರಿಕೊಂಡ. ಚರ್ಚಿನಲ್ಲಿ ಹೆಣ ಮಲಗಿಸಿದ್ದಾಗ ಕಂಪನೆಲ್ಲಾ ಅವನನ್ನು ಮೊದಲ ಸಲ, ಕೊನೆಯ ಸಲ ಕಂಡ. ಒಂದು ಪದ್ಯ ಬರೆದು ಚಟ್ಟಕ್ಕೆ ಸಿಕ್ಕಿಸಿ ಬಂದ. ಮೂರು ವರ್ಷದಲ್ಲಿ, 1591ರಲ್ಲಿ, ನೇಪಲ್ಸ್‌ನಲ್ಲಿ ಅವನ ಮೊದಲ ಪುಸ್ತಕ ಬಂತು. ಹೆಸರೇ ‘ಇಂದ್ರಿಯಗಳಿಂದ ಸಾಧಿಸಿದ ತತ್ತ್ವಶಾಸ್ತ್ರ’. ಅಲ್ಲಿಂದ ಅವನಿಗೆ ವಿಚಾರಣೆ ತಪ್ಪಲಿಲ್ಲ. ಒಮ್ಮೆ ಬೊಲೋನ್ಯದಲ್ಲಿ ಅವನ ಹಸ್ತಪ್ರತಿಗಳೇ ಕಳುವಾದವು. ಆಮೇಲೆ ನೋಡಿದರೆ ಅವು ಧರ್ಮವಿಚಾರಣೆಯವರ ಮೇಜಿನ ಮೇಲಿದ್ದವು!

ಅವನ ತತ್ತ್ವದ ತಿರುಳು ಏನು ಅಂತ ನೀವು ಕೇಳಿಲ್ಲ. ಆದರೆ ಅದು ಗೊತ್ತಿಲ್ಲದೆ ಉಳಿದದ್ದು ಅರ್ಥ ಆಗಲ್ಲ. ಅವನ ಒಂದು ಪದ್ಯದಲ್ಲಿ ಬರುವ ಚಿತ್ರ ನೋಡಿ. ಈ ಜಗತ್ತು ಒಂದು ದೊಡ್ಡ, ಪರಿಪೂರ್ಣ ಪ್ರಾಣಿ. ನಾವು ಅದರ ಹೊಟ್ಟೆಯೊಳಗಿನ ಹುಳ. ನಮ್ಮ ಹೊಟ್ಟೆಯ ಹುಳಕ್ಕೆ ನಮಗೊಂದು ಮನಸ್ಸಿದೆ, ನಾವೂ ಯೋಚಿಸುತ್ತೇವೆ ಅಂತ ಗೊತ್ತಾ? ಇಲ್ಲ. ಹಾಗೇ ನಮಗೂ ಜಗತ್ತಿನ ಮನಸ್ಸು ಗೊತ್ತಾಗುವುದಿಲ್ಲ. ಕಲ್ಲು, ಗಿಡ, ಗಾಳಿ ಎಲ್ಲಕ್ಕೂ ಅದರದರ ಮಟ್ಟದ ಅರಿವಿದೆ ಅಂತ ಅವನು ನಿಜವಾಗಿಯೂ ನಂಬಿದ್ದ. ಇರುವ ಯಾವುದೇ ವಸ್ತುವಿನಲ್ಲಿ ಮೂರು ಗುಣ ಇರಲೇಬೇಕು: ಇರುವ ಬಲ, ತಾನಿದ್ದೇನೆ ಅನ್ನುವ ಅರಿವು, ಇರಬೇಕು ಅನ್ನುವ ಪ್ರೀತಿ. ಇವು ದೇವರಲ್ಲಿ ಅಪಾರವಾಗಿ, ಕಲ್ಲಿನಲ್ಲಿ ಒಂದು ಚಿಟಿಕೆಯಷ್ಟು. ಈ ಬಲ, ಅರಿವು, ಪ್ರೀತಿಯನ್ನು ಮರೆಯಬೇಡಿ, ಸೂರ್ಯನಗರದಲ್ಲಿ ಮತ್ತೆ ಬರುತ್ತವೆ.

ಜ್ಞಾನ ಅನ್ನುವುದು ಅವನಿಗೆ ರುಚಿ ನೋಡುವ ಹಾಗೆ. ಲ್ಯಾಟಿನ್‌ನಲ್ಲಿ ‘ಸಪಿಯೆಂತಿಯ’ ಅಂದರೆ ವಿವೇಕ, ‘ಸಪೊರ್’ ಅಂದರೆ ರುಚಿ. ಮೊದಲನೆಯದು ಎರಡನೆಯದರಿಂದಲೇ ಬಂತು ಅಂತ ಹೇಳುತ್ತಿದ್ದ. 1607ರ ಒಂದು ಪತ್ರದಲ್ಲಿ, ಜಗತ್ತು ಹುಟ್ಟಿದಾಗಿನಿಂದ ಬರೆದ ಪುಸ್ತಕಗಳೆಲ್ಲದರಿಂದ ಕಲಿಯುವುದಕ್ಕಿಂತ ಜಾಸ್ತಿ ಒಂದು ಇರುವೆಯ, ಒಂದು ಹುಲ್ಲಿನ ಒಳರಚನೆಯಿಂದ ಕಲಿಯುತ್ತೇನೆ ಅಂತ ಬರೆದ. ಆಗ ಅವನು ಎಲ್ಲಿದ್ದ ಗೊತ್ತಾ? ನೇಪಲ್ಸ್‌ನ ಸಾಂತ್ ಎಲ್ಮೊ ಕೋಟೆಯ ನೆಲದಡಿಯ ಕೋಣೆಯಲ್ಲಿ. ನೀರು ಜಿನುಗುವ ಕತ್ತಲು. ಹುಲ್ಲು ನೋಡಿ ಎಷ್ಟು ದಿನ ಆಗಿತ್ತೋ.

ಆ ಕೋಣೆಗೆ ಬಂದ ಕಥೆ ಇದು. 1598ರಲ್ಲಿ ಅವನನ್ನು ಊರಿಗೆ ವಾಪಸ್ ಕಳಿಸಿದ್ದರು. ಕಲಾಬ್ರಿಯಾ ಆಗ ಸ್ಪೇನ್ ಆಳ್ವಿಕೆಯಲ್ಲಿತ್ತು. ತೆರಿಗೆ, ಡಕಾಯಿತಿ, ಜಮೀನ್ದಾರರ ಕಾಟ, ಚರ್ಚಿಗೂ ಸರ್ಕಾರಕ್ಕೂ ಜಗಳ. ಕಂಪನೆಲ್ಲಾ ಲೆಕ್ಕ ಹಾಕಿದ: 1600 ಅಂದರೆ ಹದಿನಾರು ನೂರು, ಹದಿನಾರು ಅಂದರೆ ಏಳು ಮತ್ತು ಒಂಬತ್ತು ಸೇರಿದ್ದು, ಎರಡೂ ಯುಗ ಬದಲಾಗುವ ಸಂಖ್ಯೆಗಳು. ನಕ್ಷತ್ರಗಳೂ ಅದನ್ನೇ ಹೇಳುತ್ತಿವೆ. ಹೊಸ ಗಣರಾಜ್ಯ ಕಟ್ಟೋಣ ಬನ್ನಿ ಅಂತ ಪ್ರವಚನ ಮಾಡಿದ. ಸನ್ಯಾಸಿಗಳು, ತಲೆಮರೆಸಿಕೊಂಡವರು, ಸಣ್ಣಪುಟ್ಟ ಗೌಡಿಕೆಯವರು ಸೇರಿದರು. ಇಟಲಿಯಲ್ಲಿ ಹುಟ್ಟಿ ತುರ್ಕಿಯ ನೌಕಾಪಡೆಗೆ ದಂಡನಾಯಕನಾಗಿದ್ದ ಚಿಕಾಲ ಅನ್ನುವವನ ಹಡಗುಗಳ ನೆರವು ಬರುತ್ತದೆ ಅನ್ನುವ ಏರ್ಪಾಟೂ ಇತ್ತು. ಒಳಗಿನವರಿಬ್ಬರು ಸುದ್ದಿ ಮುಟ್ಟಿಸಿದರು. 1599ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದ. ರಾಜದ್ರೋಹಕ್ಕೆ ಒಂದು ಮೊಕದ್ದಮೆ, ಧರ್ಮದ್ರೋಹಕ್ಕೆ ಇನ್ನೊಂದು. ಹುಚ್ಚು ಸಾಬೀತಾದ ಮೇಲೆ ಜೀವಾವಧಿ ಸೆರೆ. ನೇಪಲ್ಸ್‌ನ ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಸಾಗುತ್ತಾ 27 ವರ್ಷ ಒಳಗಿದ್ದ.

ಸೂರ್ಯನಗರ ಬರೆದದ್ದು 1602ರಲ್ಲಿ, ಆ ಚಿತ್ರಹಿಂಸೆಯ ಮರುವರ್ಷ. ಕೊಲಂಬಸ್ ಜೊತೆ ಹೋಗಿದ್ದ ಜಿನೋವಾದ ಒಬ್ಬ ನಾವಿಕ ಒಬ್ಬ ವೀರನಿಗೆ ತಾನು ಕಂಡ ಊರಿನ ಕಥೆ ಹೇಳುತ್ತಾನೆ. ಊರು ಇರುವುದು ತಪ್ರೊಬಾನ ದ್ವೀಪದಲ್ಲಿ. ಹಳೆಯ ಭೂಗೋಳದವರು ಶ್ರೀಲಂಕಾವನ್ನು ಕರೆಯುತ್ತಿದ್ದ ಹೆಸರು ಅದು, ಆಮೇಲೆ ಕೆಲವರು ಸುಮಾತ್ರಾಕ್ಕೂ ಅಂಟಿಸಿದರು. ಅಲ್ಲಿನ ಜನ ಯಾರು? ಇದನ್ನು ಪಾಠದಲ್ಲಿ ಹೇಳಿರಲಿಕ್ಕಿಲ್ಲ. ಅವರು ಭಾರತದ ಕಡೆಯಿಂದ ಬಂದವರು. ಮೊಗಲರ ಮತ್ತು ಇತರ ಲೂಟಿಕೋರರ ಹಾವಳಿ ತಾಳಲಾರದೆ ಓಡಿಬಂದ ದಾರ್ಶನಿಕರು, ಎಲ್ಲವನ್ನೂ ಹಂಚಿಕೊಂಡು ಬದುಕೋಣ ಅಂತ ತೀರ್ಮಾನಿಸಿದವರು. ಕಂಪನೆಲ್ಲಾಗೆ ಭಾರತದ ಬಗ್ಗೆ ಗೊತ್ತಿದ್ದದ್ದು ಪ್ರಯಾಣಿಕರ ಕಥೆಗಳಷ್ಟೇ, ಇದನ್ನು ಹಿಡಿದುಕೊಂಡು ಹೆಮ್ಮೆ ಪಡುವಂಥದ್ದೇನೂ ಇಲ್ಲ. ಆದರೆ ಒಂದು ತಮಾಷೆ ಇದೆ. ಈ ಜನ ಮೊದಮೊದಲು ಪ್ರಾಣಿ ಕೊಲ್ಲುವುದು ಕ್ರೌರ್ಯ ಅಂತ ಮಾಂಸ ತಿನ್ನುತ್ತಿರಲಿಲ್ಲವಂತೆ. ಆಮೇಲೆ ಯೋಚಿಸಿದರು. ಗಿಡಕ್ಕೂ ಅರಿವಿದೆ, ಸೊಪ್ಪು ಕೀಳುವುದೂ ಕ್ರೌರ್ಯವೇ, ಹೀಗೇ ಹೋದರೆ ಹಸಿದು ಸಾಯಬೇಕು! ಕೊನೆಗೆ ಎಲ್ಲವನ್ನೂ ತಿಂದರು. ಕಲ್ಲಿಗೂ ಅರಿವಿದೆ ಅನ್ನುವವನ ತತ್ತ್ವ ಅಡುಗೆಮನೆಗೆ ಬಂದಾಗ ಹೀಗಾಗುತ್ತದೆ.

ನಗರಕ್ಕೆ ಏಳು ಸುತ್ತಿನ ಗೋಡೆ, ಒಂದೊಂದಕ್ಕೂ ಒಂದು ಗ್ರಹದ ಹೆಸರು. ನಡುವೆ ಗುಡಿ. ಆಳುವವನು ಸೂರ್ಯ. ಅವನ ಕೆಳಗೆ ಮೂವರು: ಪೋನ್, ಸಿನ್, ಮೋರ್. ಅಂದರೆ ಬಲ, ಅರಿವು, ಪ್ರೀತಿ. ವಸ್ತುವಿನಲ್ಲಿರುವ ಗುಣಗಳೇ ಇಲ್ಲಿ ಮಂತ್ರಿಗಳು. ನನಗೆ ತುಂಬಾ ಇಷ್ಟವಾಗುವುದು ಆ ಗೋಡೆಗಳು. ಒಳಗೂ ಹೊರಗೂ ಚಿತ್ರ ಬರೆಸಿದ್ದಾರೆ. ಗಣಿತದ ಆಕೃತಿಗಳು, ದೇಶಗಳ ನಕ್ಷೆ, ಲಿಪಿಗಳು, ಕಲ್ಲು, ಗಿಡ, ಮೀನು, ಹಕ್ಕಿ, ಹುಳ, ಕಸುಬಿನ ಉಪಕರಣ. ಮಕ್ಕಳು ಗೋಡೆಗಳ ಸುತ್ತ ಆಡುತ್ತಾ ಓಡಾಡುತ್ತಾ ಹತ್ತು ವರ್ಷ ಆಗುವ ಮುಂಚೆ ಇವನ್ನೆಲ್ಲ ಕಲಿತುಬಿಡುತ್ತಾರೆ. ಬೆಂಚಿಲ್ಲ, ಬೆತ್ತವಿಲ್ಲ. ಸೆರೆಮನೆಯ ಗೋಡೆಗಳ ನಡುವೆ ಕೂತವನಿಗೆ ಗೋಡೆ ಅಂದರೆ ಹೀಗೂ ಇರಬಹುದು ಅಂತ ಹೊಳೆಯಿತಲ್ಲ.

ನಾಲ್ಕು ಗಂಟೆ ಕೆಲಸದ ಲೆಕ್ಕವೂ ಗಾಳಿಯಲ್ಲಿ ಬಂದದ್ದಲ್ಲ. ಆ ಪುಸ್ತಕದಲ್ಲೇ ನೇಪಲ್ಸ್‌ನ ಹೋಲಿಕೆ ಇದೆ. ಅಲ್ಲಿ ದುಡಿಯುವವರು ಕೆಲವರೇ, ಅವರು ದುಡಿದು ದುಡಿದು ಸಾಯುತ್ತಾರೆ. ಉಳಿದವರು ಸೋಮಾರಿತನದಲ್ಲಿ, ದುರಾಸೆಯಲ್ಲಿ ಹಾಳಾಗುತ್ತಾರೆ. ಎಲ್ಲರೂ ಹಂಚಿಕೊಂಡರೆ ನಾಲ್ಕು ಗಂಟೆ ಸಾಕು. ಗುಲಾಮರು ಬೇಡ, ಯಾವ ಕೆಲಸವೂ ಕೀಳಲ್ಲ. ಚಪ್ಪಲಿ ಹೊಲಿಯುವವನ ಮಗ ಬರೆದದ್ದು ಅಂತ ನೆನಪಿಟ್ಟು ಈ ಭಾಗ ಓದಿ.

ಆದರೆ ಪಾಠದವರು ಬಿಟ್ಟಿರಬಹುದಾದ ಇನ್ನೊಂದು ಭಾಗ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆಸ್ತಿ ಜೊತೆಗೆ ಸಂಸಾರವನ್ನೂ ಅವನು ತೆಗೆದುಹಾಕಿದ. ಯಾರು ಯಾರ ಜೊತೆ ಕೂಡಬೇಕು ಅನ್ನುವುದನ್ನು ಅಧಿಕಾರಿಗಳು ತೀರ್ಮಾನಿಸುತ್ತಾರೆ, ಗಳಿಗೆಯನ್ನು ಜ್ಯೋತಿಷಿ ಇಡುತ್ತಾನೆ. ದಪ್ಪಗಿರುವವರಿಗೆ ತೆಳ್ಳಗಿರುವವರು, ಹೀಗೆ ಜೋಡಿ. ನಾಯಿ, ಕುದುರೆಯ ತಳಿಗೆ ಅಷ್ಟು ಗಮನ ಕೊಡುವ ನೀವು ಮನುಷ್ಯರ ತಳಿಯನ್ನು ಕಡೆಗಣಿಸುತ್ತೀರಿ ಅಂತ ಆ ಊರಿನವರು ನಮ್ಮನ್ನು ನೋಡಿ ನಗುತ್ತಾರಂತೆ. ಇದನ್ನು ‘ಆ ಕಾಲ ಹಾಗಿತ್ತು’ ಅಂತ ತೇಲಿಸಲು ನನಗೆ ಇಷ್ಟವಿಲ್ಲ. ಎಲ್ಲವೂ ಒಂದೇ ದೇಹದ ಅಂಗ ಅಂತ ನಂಬಿದವನಿಗೆ ಒಬ್ಬೊಬ್ಬರ ಇಷ್ಟಾನಿಷ್ಟ ಕಾಣದೇ ಹೋಗುವ ಅಪಾಯ ಇದ್ದೇ ಇರುತ್ತದೆ.

ಈಗ ನಿಮ್ಮ ಅವಕಾಶವಾದದ ಪ್ರಶ್ನೆ. ಜೀವನವಿಡೀ ಕಂಪನೆಲ್ಲಾಗೆ ಬೇಕಿದ್ದದ್ದು ಒಂದೇ: ಇಡೀ ಜಗತ್ತು ಒಂದು ಹಿಂಡು, ಒಬ್ಬ ಕುರುಬ. ಒಂದು ಧರ್ಮ, ಒಂದು ಕಾನೂನು, ಯುದ್ಧ ಇಲ್ಲ, ಬರ ಇಲ್ಲ. ಜಗತ್ತೇ ಒಂದು ಪ್ರಾಣಿ ಅಂದಮೇಲೆ ಅದಕ್ಕೆ ಹತ್ತು ತಲೆ ಯಾಕೆ ಅನ್ನುವುದು ಅವನ ತರ್ಕ. ಆ ಒಬ್ಬ ಕುರುಬ ಪೋಪ್. ಅವನಿಗೆ ಒಂದು ಬಲವಾದ ತೋಳು ಬೇಕು. ಮೊದಲು ಆ ತೋಳು ಸ್ಪೇನ್ ಅಂತ ಬರೆದ, ಸೆರೆಯಲ್ಲಿಟ್ಟವರಿಗೇ ಸಲಹೆ ಕೊಟ್ಟ. ಬಿಡುಗಡೆಯ ಆಸೆ ಅದರಲ್ಲಿ ಇರಲಿಲ್ಲ ಅಂತ ಹೇಳುವುದು ಸುಳ್ಳಾಗುತ್ತದೆ. ಮುಂದೆ ಆ ತೋಳು ಫ್ರಾನ್ಸ್ ಆಯಿತು. ಹೆಸರು ಬದಲಾದವು, ನಕ್ಷೆ ಬದಲಾಗಲಿಲ್ಲ. ಅವಕಾಶವಾದಿ ಎದುರಿಗಿದ್ದವನಿಗೆ ಬೇಕಾದ್ದನ್ನು ಹೇಳುತ್ತಾನೆ. ಇವನು ಯಾರು ಎದುರಿಗೆ ಬಂದರೂ ತನಗೆ ಬೇಕಾದ್ದನ್ನೇ ಹೇಳುತ್ತಿದ್ದ. ನನ್ನ ಲೆಕ್ಕದಲ್ಲಿ ಇವನು ಹಟಮಾರಿ.

ಗೆಲಿಲಿಯೊ ವಿಷಯಕ್ಕೆ ಬಂದರೆ ಇದು ಚೆನ್ನಾಗಿ ಕಾಣುತ್ತದೆ. ಇಬ್ಬರೂ ಪಾದುವಾದಲ್ಲಿ 1593ರ ಹೊತ್ತಿಗೇ ಭೇಟಿಯಾಗಿದ್ದರು. 1616ರಲ್ಲಿ ರೋಮ್, ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವ ಕೊಪರ್ನಿಕಸ್‌ನ ಸಿದ್ಧಾಂತದ ಮೇಲೆ ಗದಾಪ್ರಹಾರ ಮಾಡಿತು. ಆ ವರ್ಷ ಕಂಪನೆಲ್ಲಾ ಸೆರೆಮನೆಯಿಂದಲೇ ಗೆಲಿಲಿಯೊ ಪರ ಒಂದು ಪುಸ್ತಕ ಬರೆದ. ಅದು ಅಚ್ಚಾದದ್ದು 1622ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ಸ್ವಾರಸ್ಯ ಏನು ಅಂದರೆ, ಭೂಮಿ ತಿರುಗುತ್ತದೆ ಅನ್ನುವುದು ಅವನಿಗೆ ಒಪ್ಪಿಗೆಯೇ ಇರಲಿಲ್ಲ. ತೆಲೇಸಿಯೊನ ಶಿಷ್ಯನಿಗೆ ಸೂರ್ಯ ಬಿಸಿ, ಆದ್ದರಿಂದ ಚಲಿಸುವವನು. ಭೂಮಿ ತಣಪು, ಆದ್ದರಿಂದ ನಿಂತದ್ದು. ಆದರೂ ವಾದಿಸಿದ: ದೇವರು ಎರಡು ಪುಸ್ತಕ ಬರೆದಿದ್ದಾನೆ, ಒಂದು ಬೈಬಲ್, ಇನ್ನೊಂದು ಪ್ರಕೃತಿ. ಎರಡನೆಯದನ್ನು ಓದಬೇಡಿ ಅನ್ನಲು ಯಾರಿಗೂ ಅಧಿಕಾರವಿಲ್ಲ. ತನಗೇ ಒಪ್ಪಿಗೆಯಿಲ್ಲದ ಮಾತಿನ ಪರ, ಜೀವಾವಧಿ ಕೈದಿಯೊಬ್ಬ, ತನ್ನನ್ನು ಒಳಗಿಟ್ಟ ಅದೇ ಚರ್ಚಿಗೆ ಬರೆದದ್ದು. ಇದರಲ್ಲಿ ಅವನಿಗೆ ಲಾಭ ಏನಿತ್ತು ಹೇಳಿ?

ಪೋಪ್ ಜೊತೆಗಿನ ಶಾಂತಿಯಲ್ಲಿ ಮಾತ್ರ ಲಾಭ ಇತ್ತು. 1626ರ ಮೇ ತಿಂಗಳಲ್ಲಿ ನೇಪಲ್ಸ್‌ನಲ್ಲಿ ಬಿಡುಗಡೆಯಾಯಿತು, ತಿಂಗಳೊಳಗೆ ಮತ್ತೆ ಹಿಡಿದು ರೋಮ್‌ಗೆ ಸಾಗಿಸಿದರು. ಆಗಿನ ಪೋಪ್ ಎಂಟನೇ ಅರ್ಬನ್. ಮುಂದೆ ಗೆಲಿಲಿಯೊನನ್ನು ಶಿಕ್ಷಿಸಿದವನೂ ಅವನೇ. ಅವನಿಗೆ ಜ್ಯೋತಿಷ್ಯದ ಹುಚ್ಚು. ಗ್ರಹಣದಿಂದ ಅವನು ಸಾಯುತ್ತಾನೆ ಅಂತ ವಿರೋಧಿಗಳು ಸುದ್ದಿ ಹಬ್ಬಿಸಿದ್ದರು. ನಿದ್ದೆಗೆಟ್ಟ ಪೋಪ್ ಕಂಪನೆಲ್ಲಾನನ್ನು ಕರೆಸಿದ. 1628ರಲ್ಲಿ ಇಬ್ಬರೂ ಒಂದು ಕೋಣೆಯಲ್ಲಿ ಕೂತರು. ಹೊರಗಿನ ಗಾಳಿ ಬಾರದಂತೆ ಬಾಗಿಲು ಕಿಟಕಿ ಮುಚ್ಚಿದರು. ಗೋಡೆಗೆ ಬಿಳಿ ರೇಷ್ಮೆ ಬಟ್ಟೆ, ಎಲೆಗಳಿರುವ ಕೊಂಬೆ. ಪರಿಮಳದ ನೀರು ಚಿಮುಕಿಸಿ, ಸುವಾಸನೆಯ ಸೊಪ್ಪು ಸುಟ್ಟು ಹೊಗೆ ಹಾಕಿದರು. ಎರಡು ದೀಪ, ಐದು ಪಂಜು ಹಚ್ಚಿದರು. ಹೊರಗೆ ಸೂರ್ಯ ಚಂದ್ರ ಕೆಟ್ಟಿದ್ದಾರೆ, ಒಳಗೆ ಒಂದು ಸರಿಯಾದ ಆಕಾಶ ಮಾಡಿಕೊಳ್ಳೋಣ ಅನ್ನುವ ಏರ್ಪಾಟು. ಗುರು ಶುಕ್ರರಿಗೆ ಒಪ್ಪುವ ಸಂಗೀತ ಬೇರೆ. ನಮ್ಮ ಕಡೆ ಗ್ರಹಣದ ದಿನ ಬಾಗಿಲು ಹಾಕಿಕೊಂಡು ಕೂತವರಿಗೆ ಇದು ಅಷ್ಟು ವಿಚಿತ್ರ ಅನ್ನಿಸಲಿಕ್ಕಿಲ್ಲ. ಪೋಪ್ ಸಾಯಲಿಲ್ಲ. 1629ರ ಹೊತ್ತಿಗೆ ಕಂಪನೆಲ್ಲಾ ಪೂರ್ತಿ ಬಿಡುಗಡೆಯಾದ.

ಇದು ವಂಚನೆಯಾ? ಅಲ್ಲ ಅನ್ನಲು ನನ್ನ ಹತ್ತಿರ ಒಂದು ಸಾಕ್ಷಿ ಇದೆ, ಮುಂದೆ ಬರುತ್ತದೆ. 1633ರಲ್ಲಿ ನೇಪಲ್ಸ್‌ನಲ್ಲಿ ಅವನ ಶಿಷ್ಯನೊಬ್ಬ ಸ್ಪೇನ್ ವಿರುದ್ಧದ ಸಂಚಿನಲ್ಲಿ ಸಿಕ್ಕಿಬಿದ್ದ. ಮತ್ತೆ ಇವನ ಹೆಸರು ಬಂತು. 1634ರ ಅಕ್ಟೋಬರ್‌ನಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಫ್ರೆಂಚ್ ರಾಯಭಾರಿಯ ನೆರವಿನಿಂದ ವೇಷ ಮರೆಸಿಕೊಂಡು ಫ್ರಾನ್ಸ್‌ಗೆ ಓಡಿದ. ಪ್ಯಾರಿಸ್‌ನ ಸೇಂಟ್ ಒನೊರೆ ಬೀದಿಯ ಡೊಮಿನಿಕನ್ ಮಠದಲ್ಲಿ ಉಳಿದ. ರಾಜ ಪಿಂಚಣಿ ಕೊಟ್ಟ. ಸೆರೆಯಲ್ಲಿ ಮತ್ತೆ ಮತ್ತೆ ಬರೆದ ‘ಮೆಟಫಿಸಿಕ’ ಅನ್ನುವ ತತ್ತ್ವಗ್ರಂಥ ಕೊನೆಗೂ 1638ರಲ್ಲಿ ಅಚ್ಚಾಯಿತು. ಅದೇ ವರ್ಷ ಸೆಪ್ಟೆಂಬರ್ 5ರಂದು ರಾಜನಿಗೆ ಗಂಡು ಮಗು ಹುಟ್ಟಿತು. ಅದು ಕಂಪನೆಲ್ಲಾನ ಎಪ್ಪತ್ತನೇ ಹುಟ್ಟುಹಬ್ಬವೂ ಹೌದು. ಅವನೇ ಮಗುವಿನ ಜಾತಕ ನೋಡಿದ, ಪದ್ಯ ಬರೆದ. ಆ ಮಗುವೇ ಮುಂದೆ ‘ಸೂರ್ಯರಾಜ’ ಅನ್ನಿಸಿಕೊಂಡ ಹದಿನಾಲ್ಕನೇ ಲೂಯಿ. ಆದರೆ ಆ ಲೂಯಿಯ ಆಳ್ವಿಕೆಯಲ್ಲಿ ಯಾರಿಗೂ ನಾಲ್ಕು ಗಂಟೆ ಕೆಲಸ ಸಿಗಲಿಲ್ಲ.

ಸಾಕ್ಷಿ ಅಂದೆನಲ್ಲ. 1639ರ ಜೂನ್ 1ರಂದು ಸೂರ್ಯಗ್ರಹಣ ಇತ್ತು. ಅದು ತನಗೆ ಕಂಟಕ ಅಂತ ಅವನಿಗೆ ಭಯ. ಪೋಪ್‌ಗೆ ಮಾಡಿಸಿದ ಅದೇ ಶಾಂತಿಯನ್ನು ಮಠದ ತನ್ನ ಕೋಣೆಯಲ್ಲಿ ತನಗಾಗಿ ಮಾಡಿಕೊಂಡ. ಮೇ 21ರಂದು ತೀರಿಕೊಂಡ, ಗ್ರಹಣಕ್ಕೆ ಹನ್ನೊಂದು ದಿನ ಮುಂಚೆ. ಯಾರೂ ನೋಡದ ಕಡೆ ತಾನೇ ಮಾಡಿಕೊಂಡದ್ದನ್ನು ವಂಚನೆ ಅನ್ನಲು ಬರುವುದಿಲ್ಲ ಅಲ್ವಾ?

ನಕ್ಷತ್ರಕ್ಕೆ ಇಷ್ಟು ಹೆದರುವವನು ಮನುಷ್ಯನಿಗೆ ಸ್ವಾತಂತ್ರ್ಯ ಇದೆ ಅಂತ ಹೇಗೆ ನಂಬಿದ ಅಂತ ನೀವು ಕೇಳಬಹುದು. ಅದಕ್ಕೆ ಸೂರ್ಯನಗರವನ್ನೇ ಓದಿ. ಚಿಕ್ಕ ಪುಸ್ತಕ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. 1602ರ ಇಟಾಲಿಯನ್ ರೂಪದಿಂದ ಆದ ಅನುವಾದ ಹುಡುಕಿ. 1623ರಲ್ಲಿ ಅಚ್ಚಾದ ಲ್ಯಾಟಿನ್ ರೂಪದಲ್ಲಿ ಕೆಲವು ಮಾತುಗಳನ್ನು ಮೆತ್ತಗೆ ಮಾಡಿದ್ದಾನೆ. ಕೊನೆಯ ಪುಟಕ್ಕೆ ಬಂದಾಗ ನಿಧಾನ ಮಾಡಿ. ನಾವಿಕ ನಕ್ಷತ್ರಗಳ ಪ್ರಭಾವದ ಬಗ್ಗೆ ಮಾತಾಡುತ್ತಿರುತ್ತಾನೆ. ನಡುವೆ ಒಂದು ಮಾತು ತೂರಿಸುತ್ತಾನೆ: 40 ಗಂಟೆ ಚಿತ್ರಹಿಂಸೆ ಕೊಟ್ಟರೂ ಒಬ್ಬ ಮನುಷ್ಯ ಹೇಳಬಾರದು ಅಂತ ನಿಶ್ಚಯಿಸಿದ್ದನ್ನು ಹೇಳದೆ ಇರಬಲ್ಲ ಅಂದರೆ, ಅಷ್ಟು ದೂರದ ನಕ್ಷತ್ರಗಳು ಅವನನ್ನು ಬಲವಂತ ಮಾಡಲಾರವು. ಆ ಮನುಷ್ಯ ಯಾರು ಅಂತ ನಾವಿಕ ಹೇಳುವುದಿಲ್ಲ. ಕೇಳುತ್ತಿದ್ದ ವೀರ ‘ತಡಿ, ತಡಿ’ ಅನ್ನುತ್ತಾನೆ. ನಾವಿಕ ‘ಆಗಲ್ಲ, ಆಗಲ್ಲ’ ಅಂತ ಹಡಗಿನ ಕಡೆ ಹೊರಟುಬಿಡುತ್ತಾನೆ.